ಫೀನಿಕ್ಸ್‌ನ ಬಾಣಂತಿಯರ ಜೊತೆ ಬೆಳಿಗ್ಗೆ ಐದೂವರೆಗೆ

ನಾನು ಹಾಸನದವಳು. ಈಗ ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್‌ನ ಒಂದು ಸಣ್ಣ ಕ್ಲಿನಿಕ್‌ನಲ್ಲಿ ನರ್ಸ್. ನಮ್ಮಲ್ಲಿಗೆ ಬರುವವರಲ್ಲಿ ಮೆಕ್ಸಿಕೋ ಮೂಲದ ತಾಯಂದಿರೇ ಜಾಸ್ತಿ. ಹೆರಿಗೆಯಾಗಿ ಆರೇಳು ತಿಂಗಳಾದರೂ ಮನೆಯಿಂದ ಹೊರಗೆ ಕಾಲಿಡದವರು ಎಷ್ಟೋ ಜನ. ರಕ್ತದ ರಿಪೋರ್ಟ್ ತೆಗೆದರೆ ಟ್ರೈಗ್ಲಿಸರೈಡ್ ಅನ್ನೋ ಕೊಬ್ಬು ಮೇಲಿರುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಎಚ್‌ಡಿಎಲ್ ಹೆಂಗಸರಿಗೆ ಇರಬೇಕಾದ 50ಕ್ಕಿಂತ ಕೆಳಗಿರುತ್ತದೆ.

ಮೊದಲು ನಾನು ಮಾಡಿದ್ದು ತಪ್ಪು. ಒಬ್ಬೊಬ್ಬರ ಕೈಗೂ ಹೆಜ್ಜೆ ಎಣಿಸುವ ಯಂತ್ರ, ಒಂದು ಚಾರ್ಟ್ ಕೊಟ್ಟು, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ ಅಂತ ಕಳಿಸಿದೆ. ತಿಂಗಳ ನಂತರ ಚಾರ್ಟ್‌ಗಳು ಖಾಲಿಯಾಗಿಯೇ ವಾಪಸ್ ಬಂದವು. ಒಬ್ಬ ತಾಯಿ ಹೇಳಿದಳು, "ಒಬ್ಬಳೇ ಎಲ್ಲಿಗೆ ಹೋಗಲಿ? ಅತ್ತೆ ಬಿಡೋದಿಲ್ಲ. ಮೈಯೊಳಗೆ ಗಾಳಿ ಸೇರುತ್ತೆ ಅಂತಾರೆ."

ನನಗೆ ನಮ್ಮಜ್ಜಿಯ ದನಿ ಕೇಳಿದ ಹಾಗಾಯಿತು. ಮೆಕ್ಸಿಕೋದವರಲ್ಲೂ ಬಾಣಂತನ ಇದೆ, ಕ್ವಾರೆಂತೆನಾ ಅಂತಾರೆ. ನಲವತ್ತು ದಿನ ವಿಶ್ರಾಂತಿ, ಬಿಸಿ ಕೋಳಿ ಸಾರು, ಥಂಡಿ ತಾಗದ ಹಾಗೆ ಮೈ ಮುಚ್ಚಿಕೊಳ್ಳೋದು, ಹೊಟ್ಟೆಗೆ ಬಿಗಿಯಾಗಿ ಪಟ್ಟಿ ಕಟ್ಟೋದು. ಇದನ್ನೆಲ್ಲ ಮೂಢನಂಬಿಕೆ ಅಂದುಬಿಟ್ಟರೆ ಆ ಮನೆಯಲ್ಲಿ ಯಾರು ನಮ್ಮ ಮಾತು ಕೇಳುತ್ತಾರೆ? ಅತ್ತೆಯವರನ್ನೇ ಹೋಗಿ ಮಾತಾಡಿಸಿದೆ. "ನಲವತ್ತು ದಿನ ನೀವು ಹೇಳಿದ ಹಾಗೇ ಆಗಲಿ. ಆಮೇಲೆ ಡಾಕ್ಟರ್ ಸರಿ ಅಂದರೆ ನಡೆಯೋಕೆ ಕಳಿಸಿಕೊಡಿ, ನೀವೂ ಬನ್ನಿ" ಅಂದೆ. ಅವರು ಬಂದರು. ಮೊಮ್ಮಗುವಿನ ಗಾಡಿ ತಳ್ಳೋದು ನನ್ನ ಕೆಲಸ ಅಂದರು.

ಇದೇ ಊರಿನಲ್ಲಿ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯವರು 'ಮಾದ್ರೆಸ್ ಪಾರಾ ಲಾ ಸಲೂದ್' (ಆರೋಗ್ಯಕ್ಕಾಗಿ ತಾಯಂದಿರು) ಅನ್ನೋ ನಡಿಗೆ ಕಾರ್ಯಕ್ರಮ ನಡೆಸಿದ್ದರು. ಹೆರಿಗೆಯಾದ ಲ್ಯಾಟಿನಾ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ತಾಯಂದಿರಿಗಾಗಿಯೇ ಮಾಡಿದ್ದು. ಅದರಲ್ಲಿ ಜೊತೆ ನಡೆಯುತ್ತಿದ್ದವರು ಪ್ರೊಮೊತೋರಾಗಳು, ಅಂದರೆ ಅದೇ ಸಮುದಾಯದ ಆರೋಗ್ಯ ಕಾರ್ಯಕರ್ತೆಯರು. ನಮ್ಮ ಆಶಾ ಅಕ್ಕಂದಿರನ್ನು ನೆನೆಸಿಕೊಳ್ಳಿ. ನಾನೂ ಅಂಥ ಒಬ್ಬರನ್ನು ಕೇಳಿಕೊಂಡೆ. ಚಾರ್ಟ್ ಬಿಟ್ಟೆವು. ಬೆಳಿಗ್ಗೆ ಐದೂವರೆಗೆ ಗ್ರ್ಯಾಂಡ್ ಕೆನಾಲ್ ದಂಡೆಯ ಮೇಲೆ ಸೇರೋದು, ಅಷ್ಟೇ ನಿಯಮ.

ಐದೂವರೆ ಯಾಕೆ ಅಂದರೆ ಇಲ್ಲಿನ ಬಿಸಿಲು ಹಾಗಿದೆ. 2023ರ ಬೇಸಿಗೆಯಲ್ಲಿ ಸತತ 31 ದಿನ 43 ಡಿಗ್ರಿ ದಾಟಿತ್ತು. ಎಂಟು ಗಂಟೆಗೆಲ್ಲ ಗಾಡಿಯ ಕಬ್ಬಿಣ ಮುಟ್ಟೋಕಾಗಲ್ಲ. ಹೊರಡೋ ಮೊದಲು ಕೂಸಿಗೆ ಹಾಲು, ಗಾಡಿಯ ಕೆಳಗೆ ಎರಡು ಬಾಟಲಿ ನೀರು, ಮೇಲೆ ತೆಳ್ಳನೆ ಟೋಪಿ. ವೇಗಕ್ಕೆ ಒಂದೇ ಅಳತೆ: ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಮೊದಲ ವಾರ ಹತ್ತೇ ನಿಮಿಷ. ಮೂರನೇ ತಿಂಗಳಿಗೆ ಅರ್ಧ ಗಂಟೆ, ವಾರಕ್ಕೆ ಐದು ದಿನ.

ಕೊಲೆಸ್ಟ್ರಾಲ್ ವಿಷಯದಲ್ಲಿ ನಾನು ಯಾರಿಗೂ ಸುಳ್ಳು ಭರವಸೆ ಕೊಡೋದಿಲ್ಲ. ಬಸುರಿಯಲ್ಲಿ ಅದು ತಾನಾಗೇ ಏರುತ್ತದೆ, ಮಗುವಿಗೆ ಬೇಕಲ್ವಾ. ಹೆರಿಗೆಯ ನಂತರ ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಹಾಗಾಗಿ ತೀರಾ ಬೇಗ ಟೆಸ್ಟ್ ಮಾಡಿಸಿ ಹೆದರಿಸೋದು ಸರಿಯಲ್ಲ. ಇಳಿದದ್ದೆಲ್ಲ ನಡಿಗೆಯಿಂದಲೇ ಅನ್ನೋದೂ ಸರಿಯಲ್ಲ. ನಡಿಗೆಯಿಂದ ಟ್ರೈಗ್ಲಿಸರೈಡ್ ಇಳಿಯಬಹುದು, ಎಚ್‌ಡಿಎಲ್ ಸ್ವಲ್ಪ ಏರಬಹುದು. ಕೆಟ್ಟದ್ದು, ಅಂದರೆ ಎಲ್‌ಡಿಎಲ್, ಬರೀ ನಡೆದರೆ ಅಷ್ಟಾಗಿ ಜಗ್ಗೋದಿಲ್ಲ. ಅದಕ್ಕೆ ಅಡುಗೆಮನೆಗೇ ಹೋಗಬೇಕು. ಹಂದಿ ಕೊಬ್ಬಿನಲ್ಲಿ ಹುರಿದ ಬೀನ್ಸ್ ಕಾಳಿನ ಬದಲು, ಅವರೇ ಮಡಕೆಯಲ್ಲಿ ಸುಮ್ನೆ ಈರುಳ್ಳಿ ಹಾಕಿ ಬೇಯಿಸುವ ಬೀನ್ಸ್ ಕಾಳು ಇದೆ. ಅದನ್ನೇ ಜಾಸ್ತಿ ಮಾಡಿ ಅಂದೆ. ಕೋಲಾದಂಥ ಸಿಹಿ ಸೋಡಾ ಬಿಡಿ ಅಂದೆ. ಹೊಸ ಅಡುಗೆ ಯಾವುದನ್ನೂ ಕಲಿಸಲಿಲ್ಲ.

ಇಬ್ಬರು ಗುಂಪು ಬಿಟ್ಟರು. ಹೋಟೆಲ್ ರೂಮ್ ಕ್ಲೀನ್ ಮಾಡುವ ಕೆಲಸಕ್ಕೆ ಬೆಳಗಿನ ಬಸ್ಸು ಹಿಡಿಯಬೇಕಿತ್ತು. ಅವರಿಗಾಗಿ ಈಗ ಭಾನುವಾರ ಸಂಜೆ ಇನ್ನೊಂದು ಗುಂಪು ಶುರುವಾಗಿದೆ. ಗಾಳಿ ಸೇರುತ್ತೆ ಅಂದಿದ್ದ ಅತ್ತೆಯೇ ಅದರ ಮುಂದೆ ನಡೆಯುತ್ತಾರೆ.