ಲಾಲ್‌ಬಾಗ್ ನೋಡುವ ಬಗೆ: ಯಾವ ಗೇಟು, ಯಾವ ಹೊತ್ತು, ಯಾವ ಮರ

ಲಾಲ್‌ಬಾಗಿಗೆ ಮೊದಲ ಸಲ ಬರುವವರು ಸಾಮಾನ್ಯವಾಗಿ ಭಾನುವಾರ ಹನ್ನೊಂದು ಗಂಟೆಗೆ ಬರುತ್ತಾರೆ. ಗಾಜಿನ ಮನೆಯವರೆಗೆ ನಡೆದು, ಫೋಟೋ ತೆಗೆಸಿಕೊಂಡು, ಬಿಸಿಲಿಗೆ ಬೇಸತ್ತು ವಾಪಸ್ಸಾಗುತ್ತಾರೆ. ತೋಟ ಇರುವುದು 240 ಎಕರೆ, ಅವರು ನೋಡಿದ್ದು ಒಂದು ರಸ್ತೆ. ಇದನ್ನು ತಪ್ಪಿಸಲು ಎರಡೇ ವಿಷಯ ಮುಂಚೆ ಗೊತ್ತು ಮಾಡಿಕೊಳ್ಳಬೇಕು: ಯಾವ ಗೇಟಿನಿಂದ ಒಳಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಹೋಗುತ್ತೀರಿ. ಉಳಿದದ್ದು ತಾನಾಗಿ ಕೂಡಿಬರುತ್ತದೆ.

ಗೇಟುಗಳು

ಲಾಲ್‌ಬಾಗಿಗೆ ನಾಲ್ಕು ಕಡೆ ಗೇಟುಗಳಿವೆ. ಆಟೋ, ಕ್ಯಾಬ್ ಹಿಡಿಯುವಾಗ ಬರೀ ‘ಲಾಲ್‌ಬಾಗ್’ ಎಂದು ಹಾಕಿದರೆ ನಿಮ್ಮನ್ನು ಎಲ್ಲಿ ಇಳಿಸುತ್ತಾರೋ ಹೇಳಲಾಗದು. ತಪ್ಪಾದ ಗೇಟಿನಲ್ಲಿ ಇಳಿದರೆ ಸುತ್ತಿಕೊಂಡು ಬರಲು ಅರ್ಧ ಗಂಟೆಯಾದರೂ ಬೇಕು. ಮನೆಮಂದಿ ಬೇರೆ ಬೇರೆ ಕಡೆಯಿಂದ ಬಂದು ಸೇರುವುದಿದ್ದರಂತೂ ಗೇಟಿನ ಹೆಸರು ಹೇಳಿಯೇ ಹೊರಡಿ.

ಮೆಟ್ರೋದಲ್ಲಿ ಬರುವವರಿಗೆ ಪಶ್ಚಿಮ ಗೇಟು. ಹಸಿರು ಮಾರ್ಗದ ಲಾಲ್‌ಬಾಗ್ ನಿಲ್ದಾಣ ಅದರ ಪಕ್ಕದಲ್ಲೇ ಇದೆ. ಮೆಜೆಸ್ಟಿಕ್ ಬಿಟ್ಟರೆ ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್, ನ್ಯಾಷನಲ್ ಕಾಲೇಜು, ನಾಲ್ಕನೆಯದೇ ಲಾಲ್‌ಬಾಗ್. ವೈಟ್‌ಫೀಲ್ಡ್, ಕೆಂಗೇರಿ ಕಡೆಯಿಂದ ನೇರಳೆ ಮಾರ್ಗದಲ್ಲಿ ಬರುವವರು ಮೆಜೆಸ್ಟಿಕ್‌ನಲ್ಲಿ ಬದಲಿಸಬೇಕು. ಎಲೆಕ್ಟ್ರಾನಿಕ್ ಸಿಟಿ ಕಡೆಯ ಹಳದಿ ಮಾರ್ಗದವರು ಆರ್.ವಿ. ರಸ್ತೆಯಲ್ಲಿ ಹತ್ತಿದರೆ ಮೂರನೆಯ ನಿಲ್ದಾಣ. ಕಾರು ತರಲೇಬೇಕೆಂದಿದ್ದರೆ ಡಬಲ್ ರೋಡ್ ಗೇಟಿಗೆ ಬನ್ನಿ, ಶುಲ್ಕ ಕೊಟ್ಟು ನಿಲ್ಲಿಸಲು ಜಾಗ ಸಿಗುವುದು ಅಲ್ಲಿ. ಗಾಜಿನ ಮನೆಗೆ ನೇರವಾಗಿ ಹೋಗುವ ಅಗಲ ರಸ್ತೆ ಮುಖ್ಯ ದ್ವಾರದ್ದು. ಸಿದ್ದಾಪುರದ ಕಡೆಯ ಗೇಟು ಜಯನಗರದವರಿಗೆ ಹತ್ತಿರ.

ಹೊತ್ತು

ತೋಟ ಬೆಳಿಗ್ಗೆ 6ಕ್ಕೆ ತೆರೆದು ಸಂಜೆ 7ಕ್ಕೆ ಮುಚ್ಚುತ್ತದೆ. ಟಿಕೆಟ್ ದರ ಆಗಾಗ ಬದಲಾಗುವುದರಿಂದ ಗೇಟಿನ ಫಲಕ ನೋಡಿಕೊಳ್ಳಿ, ಜೇಬಿನಲ್ಲಿ ಒಂದಿಷ್ಟು ಚಿಲ್ಲರೆ ಇರಲಿ. ಆರೂವರೆಗೆ ಒಳಗಿದ್ದು ಒಂಬತ್ತೂವರೆಗೆ ಹೊರಬೀಳುವುದು ಒಳ್ಳೆಯ ಲೆಕ್ಕ: ಮೂರು ಗಂಟೆ, ನಾಲ್ಕೈದು ಕಿಲೋಮೀಟರ್ ನಡಿಗೆ. ವಾಯುವಿಹಾರಿಗಳ ಗುಂಪು ಎದುರಾಗುತ್ತದೆ, ನಿಜ. ಆದರೆ ಅವರು ರಸ್ತೆ ಬಿಟ್ಟು ಇಳಿಯುವುದಿಲ್ಲ, ಮರದ ಬುಡದಲ್ಲಿ ನಿಲ್ಲುವುದೂ ಇಲ್ಲ. ಅಲ್ಲಿ ನಿಮಗೆ ಅಡ್ಡಿಯಿಲ್ಲ.

ಸಂಜೆ ಬರುವುದಾದರೆ ನಾಲ್ಕಕ್ಕೆ ಬನ್ನಿ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಬೇಡ. ಮುಂಗಾರು ಪೂರ್ವದ ಗಾಳಿಮಳೆ ಬರುವುದು ಆ ಹೊತ್ತಿಗೇ. ಹಳೆಯ ಮರಗಳ ಕೊಂಬೆ ಮುರಿದು ಬೀಳುವುದೂ ಆಗಲೇ. ಮೋಡ ಕಟ್ಟಿ ಗಾಳಿ ಎದ್ದರೆ ಮರದಡಿ ನಿಲ್ಲದೆ ಗೇಟಿನ ಕಡೆ ನಡೆಯಿರಿ.

ಮೊದಲು ಬಂಡೆ

ಡಬಲ್ ರೋಡ್ ಗೇಟಿನಿಂದ ಬಂದರೆ ಎದುರಿಗೇ ಬಂಡೆ, ಅದರ ನೆತ್ತಿಯ ಮೇಲೆ ಕೆಂಪೇಗೌಡ ಗೋಪುರ. ಮೆಟ್ರೋದಲ್ಲಿ ಬಂದವರಿಗೆ ಇದು ತೋಟದ ಆಚೆ ತುದಿ, ಆದರೂ ಮೊದಲು ಇಲ್ಲಿಗೇ ಬನ್ನಿ. ಕಾರಣ ಸರಳ: ಬಂಡೆಯ ಮೇಲೆ ನೆರಳಿಲ್ಲ. ಒಂಬತ್ತರ ಮೇಲೆ ಕಲ್ಲು ಕಾಯಲು ಶುರು, ಹನ್ನೊಂದಕ್ಕೆ ಮಕ್ಕಳು ಕಾಲಿಡಲಾರರು.

ಗೋಪುರ ನೋಡಿ ಇಳಿದುಬಿಡಬೇಡಿ, ಕಾಲ ಕೆಳಗೆ ನೋಡಿ. ಇದು ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು. ದಕ್ಷಿಣ ಭಾರತದ ಬಹುಪಾಲು ನೆಲದ ತಳಹದಿಯಾದ ಪೆನಿನ್ಸುಲಾರ್ ನೈಸ್ ಇದೇ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಬೆಳಗಿನ ಓರೆ ಬಿಸಿಲಿನಲ್ಲಿ ಕಪ್ಪು, ಬಿಳಿ ಪಟ್ಟೆಗಳು ಬಾಗಿ ಬಳುಕಿ ಸಾಗಿರುವುದು ಸ್ಪಷ್ಟವಾಗಿ ಕಾಣುತ್ತದೆ. ಕಪ್ಪು ಪಟ್ಟೆಯಲ್ಲಿ ಮಿನುಗುವುದು ಅಭ್ರಕದ ಜಾತಿಯ ಖನಿಜ, ತಿಳಿ ಪಟ್ಟೆಯಲ್ಲಿರುವುದು ಬೆಣಚುಕಲ್ಲು, ಫೆಲ್ಡ್‌ಸ್ಪಾರ್. ಭೂಮಿಯ ಆಳದ ಕಾವು, ಒತ್ತಡಕ್ಕೆ ಸಿಕ್ಕಿ ಖನಿಜಗಳು ಬೇರೆ ಬೇರೆ ಪದರವಾಗಿ ಜೋಡಿಕೊಂಡಿದ್ದರಿಂದ ಈ ಪಟ್ಟೆಗಳು. ನಡು ಮಧ್ಯಾಹ್ನ ಬಂದರೆ ಎಲ್ಲ ಒಂದೇ ಬೂದು ಬಣ್ಣ.

ಮಳೆ ಬಿದ್ದ ಮರುದಿನ ಜಾಗ್ರತೆ. ತಗ್ಗುಗಳಲ್ಲಿ ನೀರು ನಿಂತು, ಹರಿದ ಜಾಡಿನಲ್ಲಿ ಪಾಚಿ ಕಟ್ಟಿರುತ್ತದೆ. ಕಲ್ಲಿನ ಮೇಲೆ ಕಪ್ಪಗೆ ಕಾಣುವ ಜಾಡಿನ ಮೇಲೆ ಕಾಲಿಡಬೇಡಿ, ಜಾರುವುದು ಅಲ್ಲೇ. ಸವೆದ ಅಟ್ಟೆಯ ಚಪ್ಪಲಿಗಿಂತ ಹಿಡಿತವಿರುವ ಶೂ ಒಳ್ಳೆಯದು. ಹತ್ತಿದ್ದಕ್ಕಿಂತ ಇಳಿಯುವಾಗ ಬೀಳುವವರೇ ಜಾಸ್ತಿ, ವಯಸ್ಸಾದವರಿದ್ದರೆ ಅಡ್ಡಡ್ಡ ಹೆಜ್ಜೆ ಹಾಕಿ ಇಳಿಯಲು ಹೇಳಿ.

ಗಾಜಿನ ಮನೆಯಲ್ಲಿ ಏನು ನೋಡಬೇಕು

ಬಂಡೆಯಿಂದ ನಿಧಾನವಾಗಿ ನಡೆದರೆ ಕಾಲು ಗಂಟೆ. 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಇದಕ್ಕೆ ಅಡಿಗಲ್ಲು ಹಾಕಿದ್ದು. ಆಗ ತೋಟದ ಸೂಪರಿಂಟೆಂಡೆಂಟ್ ಆಗಿದ್ದವರು ಜಾನ್ ಕ್ಯಾಮರಾನ್. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿ. ಒಳಗೆ ಬಿಡದ ದಿನಗಳಲ್ಲಿ ಹೊರಗಿನಿಂದಲೇ ಒಂದು ಸುತ್ತು ಹಾಕಿ. ಪೂರ್ವದ ರೆಕ್ಕೆ, ಮುಂದೆ ತೋಟದ ಹೊಣೆ ಹೊತ್ತ ಎಚ್.ಸಿ. ಜವರಾಯರ ಕಾಲದಲ್ಲಿ, 1935ರಲ್ಲಿ ಸೇರಿಸಿದ್ದು. ಹಳೆಯ ಭಾಗದ ಎರಕದ ಕಬ್ಬಿಣಕ್ಕೂ ಹೊಸ ರೆಕ್ಕೆಗೂ ಏನು ವ್ಯತ್ಯಾಸ ಎಂದು ಮಕ್ಕಳನ್ನು ಹುಡುಕಲು ಬಿಟ್ಟರೆ ಹತ್ತು ನಿಮಿಷ ನಿಮಗೆ ಬಿಡುವು. ಹೂವಿನ ಗಡಿಯಾರ 7 ಮೀಟರ್ ಅಗಲದ್ದು, ಎಚ್‌ಎಂಟಿ ಕೊಟ್ಟದ್ದು. ಅದಕ್ಕೆ ಎರಡು ನಿಮಿಷ ಸಾಕು.

ಮರ ನೋಡುವುದು

ಲಾಲ್‌ಬಾಗ್ ಇರುವುದು ಇದಕ್ಕೆ. 1760ರಲ್ಲಿ ಹೈದರಾಲಿ ಶುರು ಮಾಡಿ ಟಿಪ್ಪು ಬೆಳೆಸಿದ ತೋಟ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಅಲ್ಲಿಂದಾಚೆ ಇದು ಪರದೇಶದ ಗಿಡಗಳನ್ನು ತಂದು, ನಮ್ಮ ಮಣ್ಣಿಗೆ ಒಗ್ಗುತ್ತವೆಯೇ ಎಂದು ಪರೀಕ್ಷಿಸುವ ಜಾಗ. ನೀವು ಸಾರಿಗೆ ಹಾಕುವ ಸೀಮೆಬದನೆ ಈ ಊರಿಗೆ ಬಂದದ್ದು ಕ್ಯಾಮರಾನ್ ಕಾಲದಲ್ಲಿ, ಈ ತೋಟದ ಮೂಲಕವೇ.

ಹೆಚ್ಚಿನ ದೊಡ್ಡ ಮರಗಳಿಗೆ ಹೆಸರಿನ ಫಲಕವಿದೆ. ಫಲಕ ಓದುವಾಗ ಹೆಸರಿಗಿಂತ ಮೂಲಸ್ಥಾನದ ಸಾಲು ನೋಡಿ. ನಮ್ಮ ಶಿವಾಲಯಗಳ ಅಂಗಳದಲ್ಲಿ ಕಾಣುವ ನಾಗಲಿಂಗ ಪುಷ್ಪದ ಮರ ದಕ್ಷಿಣ ಅಮೆರಿಕದ್ದು ಎಂದು ತಿಳಿಯುವುದು ಆಗಲೇ. ಎಲ್ಲ ಮರಗಳನ್ನೂ ನೋಡುವ ಆಸೆ ಬಿಡಿ, ನಾಲ್ಕನ್ನು ಸರಿಯಾಗಿ ನೋಡಿ.

ಗಾಜಿನ ಮನೆಯ ಸುತ್ತಮುತ್ತ ಕಂಬದಂತೆ ನೆಟ್ಟಗೆ ಹೋಗಿರುವ, ಕ್ರಿಸ್ಮಸ್ ಮರ ಎಂದು ಜನ ಕರೆಯುವವು ಕುಕ್ ಪೈನ್‌ಗಳು, ಅರಾಕೇರಿಯಾ ಜಾತಿ, ನ್ಯೂ ಕ್ಯಾಲೆಡೋನಿಯಾದವು. ಈ ಮರಕ್ಕೆ ಭೂಮಧ್ಯರೇಖೆಯ ಕಡೆ ವಾಲುವ ಗುಣವಿದೆ. ಬೆಂಗಳೂರು ರೇಖೆಯ ಉತ್ತರಕ್ಕಿರುವುದರಿಂದ ಇಲ್ಲಿ ವಾಲುವುದು ದಕ್ಷಿಣಕ್ಕೆ. ಮೊಬೈಲಿನ ದಿಕ್ಸೂಚಿ ತೆರೆದು, ಐವತ್ತು ಹೆಜ್ಜೆ ದೂರ ನಿಂತು ನೋಡಿ. ಬುಡದಲ್ಲಿ ನಿಂತರೆ ಗೊತ್ತಾಗುವುದಿಲ್ಲ. ಒಂದೇ ಮರ ನೋಡಿ ತೀರ್ಮಾನಿಸಬೇಡಿ, ನಾಲ್ಕೈದು ನೋಡಿ.

ಎರಡನೆಯದು ಬಿಳಿ ಬೂರುಗ. ತೋಟದ ಮುದಿ ಮರಗಳಲ್ಲೊಂದು, ದಾರಿ ತಿಳಿಯದಿದ್ದರೆ ತೋಟದ ಕೆಲಸದವರನ್ನು ಕೇಳಿ. ಬುಡದಿಂದ ಗೋಡೆಗಳಂತೆ ಎದ್ದಿರುವ ಆನಿಕೆ ಬೇರುಗಳು ಆಳಿನೆತ್ತರವಿವೆ. ಬೇರು ಆಳಕ್ಕಿಳಿಯದೆ ಮೇಲ್ಮಣ್ಣಿನಲ್ಲೇ ಹರಡುವ ಎತ್ತರದ ಮರ ಗಾಳಿಗೆ ಉರುಳದಂತೆ ಇವು ಆಧಾರ ಕೊಡುತ್ತವೆ. ಫೋಟೋಕ್ಕಾಗಿ ಬೇರಿನ ಮೇಲೆ ಹತ್ತಿ ನಿಲ್ಲಬೇಡಿ. ತೊಗಟೆಗೆ ಗಾಯವಾದರೆ ಅಲ್ಲಿಂದ ಬೂಷ್ಟು, ಕೀಟ ಒಳನುಗ್ಗುತ್ತವೆ. ಕಾಂಡದ ಮೇಲೆ ಹೆಸರು ಕೆತ್ತುವವರ ಬಗ್ಗೆ ಹೇಳದಿರುವುದೇ ವಾಸಿ.

ನಾಗಲಿಂಗದ ಹೂ ಕೊಂಬೆಯ ತುದಿಯಲ್ಲಿ ಬಿಡದೆ ಕಾಂಡಕ್ಕೇ ಅಂಟಿಕೊಂಡು ಬಿಡುತ್ತದೆ. ಬೆಳಿಗ್ಗೆ ಘಮ ಜೋರು. ಕಾಯಿ ಫಿರಂಗಿ ಗುಂಡಿನಷ್ಟು ದೊಡ್ಡದು, ತೂಕದ್ದು, ಬಿದ್ದು ಒಡೆದರೆ ಕೆಟ್ಟ ವಾಸನೆ. ಹಾಗಾಗಿ ಕೆಳಗೆ ಚಾಪೆ ಹಾಸಬೇಡಿ. ಆನೆತೊರಡುಕಾಯಿ ಮರಕ್ಕೂ ಇದೇ ಮಾತು. ಅದರ ಜೋತಾಡುವ ಕಾಯಿ ಕೆಲವು ಕಿಲೋ ತೂಗುತ್ತದೆ. ಅದರ ಹೂ ರಾತ್ರಿ ಅರಳಿ ಬಾವಲಿಗಳನ್ನು ಕರೆಯುತ್ತದೆ, ಬೆಳಿಗ್ಗೆ ಬೇಗ ಬಂದವರಿಗೆ ಬುಡದಲ್ಲಿ ಕಡುಗೆಂಪು ಹೂಗಳು ಸಿಗುತ್ತವೆ. ಹತ್ತು ಗಂಟೆಗೆ ಬಂದರೆ ಗುಡಿಸಿರುತ್ತಾರೆ.

ಹೂಬಿಡುವ ಮರಗಳಿಗೆ ತಿಂಗಳು ನೋಡಿ ಬರಬೇಕು. ನಸುಗೆಂಪು ಟಬೂಬಿಯಾ ಚಳಿಗಾಲದಲ್ಲಿ, ಹಳದಿಯದು ಫೆಬ್ರವರಿ, ಮಾರ್ಚ್ ಹೊತ್ತಿಗೆ, ನೀಲಿ ಜಕರಾಂಡ ಮಾರ್ಚ್ ಸುಮಾರಿಗೆ, ಗುಲ್‌ಮೊಹರ್ ಏಪ್ರಿಲ್, ಮೇನಲ್ಲಿ. ಒಂದು ಮುಗಿದಂತೆ ಇನ್ನೊಂದು ಹೂಬಿಡುವಂತೆ ನಗರದ ರಸ್ತೆಗಳಿಗೆ ಮರ ಆರಿಸಿದವರು ಜರ್ಮನಿಯಿಂದ ಬಂದ ಜಿ.ಎಚ್. ಕ್ರುಂಬಿಗಲ್. ತೋಟದ ಪಕ್ಕದ ಒಂದು ರಸ್ತೆಗೆ ಅವರದೇ ಹೆಸರು.

ಕೆರೆ, ಹೆಜ್ಜೇನು, ಇತರೆ

ಕೊನೆಗೆ ಕೆರೆಯ ದಂಡೆ ಹಿಡಿದು ಪಶ್ಚಿಮ ಗೇಟಿಗೆ ಬಂದರೆ ಮೆಟ್ರೋ ಸಿಗುತ್ತದೆ. ನೀರುಕಾಗೆ, ಬೆಳ್ಳಕ್ಕಿ, ಮಿಂಚುಳ್ಳಿ ನೋಡಲು ದುರ್ಬೀನು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಅಡ್ಡಿಯಿಲ್ಲ. ಮೀನು, ಹಕ್ಕಿಗಳಿಗೆ ಮಂಡಕ್ಕಿ, ಬ್ರೆಡ್ ಎಸೆಯಬೇಡಿ. ತಿನ್ನದೆ ಉಳಿದದ್ದು ನೀರಿನಲ್ಲಿ ಕೊಳೆತು, ಮೀನಿಗೆ ಬೇಕಾದ ಆಮ್ಲಜನಕವನ್ನೇ ಹೀರುತ್ತದೆ.

ಎತ್ತರದ ಕೊಂಬೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಕಲ್ಲೆಸೆಯುವುದು, ಕೆಳಗೆ ಹೊಗೆ ಮಾಡುವುದು ಬೇಡ. ಎದ್ದುಬಿಟ್ಟರೆ ನಿಂತಲ್ಲೇ ಕೈಬೀಸದೆ ಮುಖ ಮುಚ್ಚಿಕೊಂಡು ಕಟ್ಟಡದ ಕಡೆ ಓಡಿ. ಒಂದು ಕಚ್ಚಿದರೆ ಅದು ಬಿಟ್ಟ ವಾಸನೆಗೆ ಉಳಿದವು ಅದೇ ಜಾಗಕ್ಕೆ ಬರುತ್ತವೆ.

ಪ್ಲಾಸ್ಟಿಕ್ ಕವರು ತರಬೇಡಿ, ನೀರಿಗೆ ಸ್ಟೀಲ್ ಬಾಟಲಿ ಸಾಕು. ಶೌಚಾಲಯವನ್ನು ಗೇಟಿನ ಬಳಿಯೇ ಮುಗಿಸಿಕೊಂಡು ಹೊರಡಿ, ನಡುವೆ ಹುಡುಕಾಟ ಕಷ್ಟ. ಮೊಬೈಲ್ ಫೋಟೋಕ್ಕೆ ತಕರಾರಿಲ್ಲ. ಮದುವೆ ಶೂಟಿಂಗಿಗೆ ತೋಟಗಾರಿಕೆ ಇಲಾಖೆಯ ಅನುಮತಿ ಮೊದಲೇ ಬೇಕು. ಮಂಡಿನೋವಿನವರಿಗೆ ಬ್ಯಾಟರಿ ಗಾಡಿ ಇದೆ. ಅದು ಸುತ್ತು ಹಾಕಿಸುತ್ತದೆಯೇ ಹೊರತು ಮರದ ಹತ್ತಿರ ನಿಲ್ಲಿಸುತ್ತಾ ಹೋಗುವುದಿಲ್ಲ. ತಿಂಡಿಗೆ ಲಾಲ್‌ಬಾಗ್ ರಸ್ತೆಯ ಎಂಟಿಆರ್ ಹತ್ತಿರ, ಆದರೆ ಸೋಮವಾರ ಬಾಗಿಲು ಹಾಕಿರುತ್ತದೆ, ಭಾನುವಾರ ಕಾಯಬೇಕು.

ಫಲಪುಷ್ಪ ಪ್ರದರ್ಶನಕ್ಕೆ ಬರುವವರಿಗೆ

ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನದ ಸುಮಾರಿಗೆ ವರ್ಷಕ್ಕೆರಡು ಸಲ ನಡೆಯುತ್ತದೆ. ತೋಟ ನೋಡಲು ಇದು ಸರಿಯಾದ ದಿನವಲ್ಲ, ಹೂವಿನ ಅಲಂಕಾರ ನೋಡಲು ಮಾತ್ರ. ಟಿಕೆಟ್ ದರ ಬೇರೆ, ಸುತ್ತಲಿನ ರಸ್ತೆಗಳಲ್ಲಿ ವಾಹನ ನಿಲ್ಲಿಸಲು ಬಿಡುವುದಿಲ್ಲ, ಗಾಜಿನ ಮನೆಯೊಳಗೆ ಸಾಲು ತಳ್ಳಿಕೊಂಡು ಸಾಗುತ್ತದೆ. ಆರಂಭವಾದ ಎರಡು, ಮೂರನೆಯ ದಿನ, ವಾರದ ನಡುವೆ, ಬಾಗಿಲು ತೆರೆಯುವ ಹೊತ್ತಿಗೇ ಬನ್ನಿ. ಕೊನೆಯ ದಿನಗಳಲ್ಲಿ ಬಿಡಿ ಹೂಗಳಿಂದ ಮಾಡಿದ ಆಕೃತಿಗಳು ಬಾಡಿರುತ್ತವೆ. ಮೆಟ್ರೋದಲ್ಲಿ ಬಂದವರು ವಾಪಸಿನ ಹಣವನ್ನು ಕಾರ್ಡಿಗೆ ಮೊದಲೇ ಹಾಕಿಸಿಕೊಳ್ಳಿ, ಸಂಜೆ ನಿಲ್ದಾಣದ ಟಿಕೆಟ್ ಸಾಲು ಬೀದಿಯವರೆಗೂ ಬರುತ್ತದೆ. ಗಿಡ ಕೊಳ್ಳುವುದಿದ್ದರೆ ಎಲ್ಲ ನೋಡಿ ಮುಗಿಸಿ ಹೊರಡುವಾಗ ಕೊಳ್ಳಿ. ಕುಂಡದ ತಳದ ತೂತಿನಿಂದ ಬೇರು ಉದ್ದಕ್ಕೆ ಹೊರಬಂದಿರುವುದನ್ನು ಬಿಟ್ಟು, ಹೂವಿಗಿಂತ ಮೊಗ್ಗು ಹೆಚ್ಚಿರುವುದನ್ನು ಆರಿಸಿ.