ಆರು ವಾರದ ಶಿಕ್ಷಕ ವಿನಿಮಯ: ಗೆಳೆಯರ ಭೇಟಿ, ಸಹೋದ್ಯೋಗಿಗಳ ಭೇಟಿ

ಹೊರದೇಶದ ಶಿಕ್ಷಕರನ್ನು ಕರೆಸುವ ಅಮೆರಿಕ ಸರ್ಕಾರದ ಫುಲ್‌ಬ್ರೈಟ್ ಟೀಚಿಂಗ್ ಎಕ್ಸಲೆನ್ಸ್ ಕಾರ್ಯಕ್ರಮದಲ್ಲಿ ಅಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಕಳೆಯಲು ಸಿಗುವುದು ಆರು ವಾರ. ವಾರದ ದಿನಗಳು ತರಬೇತಿಗೆ, ಹತ್ತಿರದ ಹೈಸ್ಕೂಲಿನ ಭೇಟಿಗೆ ಹೋಗುತ್ತವೆ. ಉಳಿಯುವ ಶನಿವಾರ, ಭಾನುವಾರಗಳಲ್ಲೂ ಕೆಲವನ್ನು ಸಂಯೋಜಕರೇ ಪ್ರವಾಸಕ್ಕೆ ಹಿಡಿದಿಟ್ಟಿರುತ್ತಾರೆ. ಆದ್ದರಿಂದ ನಾನು ಭೇಟಿಗಳನ್ನು ರಾಯಚೂರು ಬಿಡುವ ಮೊದಲೇ ಗೊತ್ತುಮಾಡಿಕೊಂಡೆ. ‘ಅಲ್ಲಿ ಹೋದಮ್ಯಾಲೆ ನೋಡೋಣ’ ಎನ್ನುವವರು ಗೆಳೆಯರನ್ನು ಕಾಣುವುದು ಫೋನಿನಲ್ಲೇ.

ಬಿ.ಎಡ್. ಕಾಲದ ಗೆಳೆಯ ‘ಇಲ್ಲೇ ಸಮೀಪ ಅದೀನಿ, ಬಂದುಹೋಗಪಾ’ ಎಂದರೆ ಕೂಡಲೇ ನಂಬಬಾರದು. ಅಲ್ಲಿ ನಾಲ್ಕು ತಾಸಿನ ದಾರಿಯೂ ಸಮೀಪವೇ. ಊರ ಹೆಸರಿಗಿಂತ ಐದಂಕಿಯ ಜಿಪ್ ಕೋಡ್ (ಅಲ್ಲಿನ ಪಿನ್ ಕೋಡ್) ಕೇಳಿ. ಸ್ಪ್ರಿಂಗ್‌ಫೀಲ್ಡ್ ಎಂಬ ಊರು ಇಲಿನಾಯ್, ಮಿಸೂರಿ, ಮ್ಯಾಸಚೂಸೆಟ್ಸ್ ಮೂರೂ ಕಡೆ ಇದೆ. ಕ್ಯಾಂಪಸ್‌ನಿಂದ ದೂರ ನೋಡಿ, ಎರಡು ತಾಸಿನೊಳಗಿದ್ದರೆ ಒಂದು ದಿನದ ಭೇಟಿ, ಮೀರಿದರೆ ರಾತ್ರಿ ತಂಗುವ ಭೇಟಿ. ರಾತ್ರಿ ಹೊರಗಿರುವುದಾದರೆ ವಿಳಾಸ, ಫೋನ್ ನಂಬರ್ ಸಹಿತ ಸಂಯೋಜಕರಿಗೆ ಮೊದಲೇ ಮೇಲ್ ಮಾಡಿ ಒಪ್ಪಿಗೆ ಪಡೆಯಿರಿ. ನಾವು ಬಂದಿರುವುದು ವಿನಿಮಯಕ್ಕೆ ಬರುವವರ ಜೆ-1 ವೀಸಾದ ಮೇಲೆ, ಸಂಯೋಜಕರ ಹೊಣೆಯಲ್ಲಿ.

ಇನ್ನು ಚೀಲದ ಮಾತು. ಎಲ್ಲರ ಮನೆಯಲ್ಲೂ ಮೊದಲು ಕೇಳುವುದು ಕರಿಬೇವು. ಹಸಿ ಸೊಪ್ಪನ್ನು ಒಯ್ಯುವಂತಿಲ್ಲ, ನಿಂಬೆ-ಕಿತ್ತಳೆ ಗಿಡಗಳ ರೋಗ ಹರಡುವ ಕೀಟ ಅದರಲ್ಲಿ ಬರುತ್ತದೆಂದು ಅಲ್ಲಿ ತಡೆ ಇದೆ. ಶೇಂಗಾ ಚಟ್ನಿಪುಡಿ, ಗುರೆಳ್ಳುಪುಡಿ ಒಯ್ಯಬಹುದು, ಆದರೆ ಕೈಚೀಲದಲ್ಲಿ ಬೇಡ. 350 ಮಿಲಿಲೀಟರ್ ಡಬ್ಬಿಗಿಂತ ಹೆಚ್ಚಿನ ಪುಡಿಯನ್ನು ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ ಬೇರೆಯಾಗಿ ತಪಾಸಣೆ ಮಾಡುತ್ತಾರೆ. ದೊಡ್ಡ ಪೆಟ್ಟಿಗೆಯಲ್ಲಿ ಎರಡು ಪದರ ಪ್ಲಾಸ್ಟಿಕ್ ಸುತ್ತಿ ಇಡಿ, ಇಳಿದಾಗ ಕಸ್ಟಮ್ಸ್‌ನಲ್ಲಿ ‘ತಿನ್ನುವ ಪದಾರ್ಥ ಇದೆ’ ಎಂದು ಹೇಳಿಬಿಡಿ. ಹೇಳಿದರೆ ಹೆಚ್ಚೆಂದರೆ ಪದಾರ್ಥ ಹೋದೀತು, ಮುಚ್ಚಿಟ್ಟರೆ ದಂಡ.

ಆ ಶೇಂಗಾ ಗೆಳೆಯರ ಮನೆಗೆ ಮಾತ್ರ, ಶಾಲೆಗೆ ಬೇಡವೇ ಬೇಡ. ಅಲ್ಲಿನ ಕೆಲವು ಮಕ್ಕಳಿಗೆ ಶೇಂಗಾ ಅಲರ್ಜಿ ಪ್ರಾಣಕ್ಕೇ ಬರುವಷ್ಟಿರುತ್ತದೆ, ಶೇಂಗಾ ತರಲೇಬಾರದೆಂಬ ಶಾಲೆಗಳೂ ಇವೆ. ಶೇಂಗಾ ಉಂಡಿ, ಶೇಂಗಾ ಹೋಳಿಗೆ, ಶೇಂಗಾ ಹಿಂಡಿ ಎಂದು ಬೆಳೆದ ನಮಗೆ ಇದು ಹೊಳೆಯುವುದೇ ಇಲ್ಲ. ಶಾಲೆಯವರಿಗೆ ಕಿನ್ನಾಳದ ಸಣ್ಣ ಬೊಂಬೆಗಳು ಒಳ್ಳೆಯವು: ಹಗುರ ಮರ, ತಿನ್ನುವುದಲ್ಲ, ಹೇಳಲು ಕಥೆಯೂ ಇದೆ.

ಸಹೋದ್ಯೋಗಿಗಳನ್ನು ಕಾಣುವ ರೀತಿಯೇ ಬೇರೆ. ನಮ್ಮ ಸ್ಟಾಫ್‌ರೂಮಿನಂತೆ ‘ಸರ್, ಐದು ನಿಮಿಷ’ ಎಂದು ನುಗ್ಗುವಂತಿಲ್ಲ. ಊಟಕ್ಕೆ ಹಲವು ಕಡೆ ಅರ್ಧ ತಾಸೂ ಇರುವುದಿಲ್ಲ, ಆ ಹೊತ್ತಿನಲ್ಲಿ ಹಿಡಿದರೆ ಅವರು ಸೌಜನ್ಯಕ್ಕೆ ಮಾತಾಡಿ ಹಸಿದೇ ತರಗತಿಗೆ ಹೋಗುತ್ತಾರೆ. ಪಾಠವಿಲ್ಲದ ಪ್ಲಾನಿಂಗ್ ಅವಧಿ ಯಾವುದೆಂದು ಮೇಲ್‌ನಲ್ಲಿ ಕೇಳಿ, ಅದರಲ್ಲಿ ಇಪ್ಪತ್ತು ನಿಮಿಷ ಮಾತ್ರ ಬೇಡಿ, ಏನು ಕೇಳಬೇಕೆಂದು ಎರಡು ಪ್ರಶ್ನೆ ಆ ಮೇಲ್‌ನಲ್ಲೇ ಬರೆಯಿರಿ. ವಾಟ್ಸಾಪ್ ಗೆಳೆಯರಿಗೆ ಸಾಕು, ಅಲ್ಲಿನ ಶಿಕ್ಷಕರಿಗೆ ಇ-ಮೇಲೇ ಸರಿ. ಶಾಲೆಗೆ ಹೋದಾಗ ಮೊದಲು ಆಫೀಸಿನಲ್ಲಿ ಗುರುತಿನ ಚೀಟಿ ತೋರಿಸಿ ಸಂದರ್ಶಕರ ಬ್ಯಾಡ್ಜ್ ಹಾಕಿಕೊಳ್ಳಿ. ಮಕ್ಕಳ ಫೋಟೋವನ್ನು ಒಪ್ಪಿಗೆಯಿಲ್ಲದೆ ತೆಗೆಯಬೇಡಿ.

ನಮ್ಮ ಬಗ್ಗೆ ಹತ್ತು ನಿಮಿಷ ಮಾತಾಡಿ ಎನ್ನುತ್ತಾರೆ. ಹಂಪಿಯ ಕಲ್ಲಿನ ರಥದಿಂದ ಶುರುಮಾಡಿದರೆ ‘ಬ್ಯೂಟಿಫುಲ್’ ಎಂದು ಮುಗಿಯುತ್ತದೆ. ನಮ್ಮ ಜಿಲ್ಲೆಯ ಮಸ್ಕಿ ಶಾಸನ ಮಾತು ಬೆಳೆಸುತ್ತದೆ. 1837ರ ಹೊತ್ತಿಗೆ ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಪ್ರಾಚೀನ ಬ್ರಾಹ್ಮಿ ಲಿಪಿ ಓದಿದ್ದರೂ ಆಗ ಗೊತ್ತಿದ್ದ ಆ ರಾಜನ ಶಾಸನಗಳಲ್ಲಿ ಇದ್ದದ್ದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ. 1915ರಲ್ಲಿ ಮಸ್ಕಿಯಲ್ಲಿ ‘ಅಶೋಕ’ ಎಂಬ ಹೆಸರೇ ಸಿಕ್ಕಿತು. ‘ಹೆಸರಿಲ್ಲದ ರಾಜನನ್ನು ಗುರುತಿಸಲು ನೀವೇನು ಸಾಕ್ಷ್ಯ ಕೇಳುತ್ತೀರಿ?’ ಎಂದರೆ ಇತಿಹಾಸ ಕಲಿಸುವವರು ಕುರ್ಚಿ ಎಳೆದು ಕೂರುತ್ತಾರೆ.

ಮರಳಿದ ಮೇಲೆ ಎರಡೂ ಶಾಲೆಯ ಮಕ್ಕಳನ್ನು ವಿಡಿಯೋದಲ್ಲಿ ಕೂಡಿಸುವಾಗ ಗಡಿಯಾರ ಕೈಕೊಡುತ್ತದೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಬೆಳಿಗ್ಗೆ 8 ಎಂದರೆ, ಅವರು ಗಡಿಯಾರ ಒಂದು ತಾಸು ಮುಂದಿಟ್ಟಿರುವ ಬೇಸಿಗೆ ಸಮಯದಲ್ಲಿ, ನಮಗೆ ಸಂಜೆ 5:30. ನವೆಂಬರಿನ ಮೊದಲ ಭಾನುವಾರ ಅವರು ಗಡಿಯಾರ ಹಿಂದಿಟ್ಟ ಮೇಲೆ ಅದೇ 8 ಗಂಟೆ ನಮಗೆ 6:30, ಹಳ್ಳಿಯಿಂದ ಬರುವ ಮಕ್ಕಳಿಗೆ ಬಸ್ಸು ತಪ್ಪುವ ಹೊತ್ತು. ಹಾಗಾಗಿ ನೇರ ವಿಡಿಯೋ ಭೇಟಿಗಳನ್ನೆಲ್ಲ ಅಕ್ಟೋಬರ್ ಒಳಗೆ ಮುಗಿಸಿ, ಆಮೇಲೆ ಮಾರ್ಚ್‌ವರೆಗೆ ಮಕ್ಕಳು ಎರಡು ನಿಮಿಷದ ವಿಡಿಯೋ ಪ್ರಶ್ನೆ ಕಳಿಸಿ ಉತ್ತರ ತರಿಸಿಕೊಳ್ಳುವುದು ಒಳ್ಳೆಯದು.