ಮೀಸೆ ಚಿಗುರಿದ ಹುಡುಗರಿಗೆ ಅಕ್ಷರ ಕಲಿಸಿದ್ದು

ರಾಯಚೂರು ಕಡೆಯ ಹತ್ತಿ ಬೀಜದ ಹೊಲಗಳಲ್ಲಿ ಕ್ರಾಸಿಂಗ್, ಅಂದರೆ ಹೈಬ್ರಿಡ್ ಬೀಜಕ್ಕಾಗಿ ಕೈಯಿಂದ ಪರಾಗ ಸೇರಿಸುವ ಕೆಲಸ, ಶುರುವಾದರೆ ಆರು, ಏಳನೇ ತರಗತಿಗಳು ಬರಿದಾಗುತ್ತವೆ. ಸಂಜೆ ಮೊಗ್ಗು ಬಿಡಿಸಿ ಕೇಸರ ತೆಗೆಯಬೇಕು, ಮರುದಿನ ಬೆಳಗ್ಗೆ ಗಂಡು ಹೂವಿನ ಪರಾಗ ಸವರಬೇಕು. ಈ ಕೆಲಸಕ್ಕೆ ಮಕ್ಕಳನ್ನೇ, ಅದರಲ್ಲೂ ಹೆಣ್ಣುಮಕ್ಕಳನ್ನೇ ಕರೆಯುತ್ತಾರೆ. ಅದು ಮುಗಿದರೆ ಬೆಂಗಳೂರಿಗೆ ಗುಳೆ. ಹೀಗೆ ಶಾಲೆಯಿಂದ ಜಾರಿದ 11ರಿಂದ 14ರ ವಯಸ್ಸಿನ ಮಕ್ಕಳಿಗಾಗಿ ನಾವು ಮೂವರು ಶಿಕ್ಷಕರು ಸೇರಿ ಒಂದು ಸಣ್ಣ ಶಾಲೆ ನಡೆಸಿದೆವು.

ಮನೆಗೆ ಹೋಗಿ ಕರೆದಾಗ ಮೊದಲು ಬರುವುದು ಬಡತನದ ಮಾತು. ಅದು ಸುಳ್ಳಲ್ಲ. ಆದರೆ ಜಗಲಿ ಮೇಲೆ ಸ್ವಲ್ಪ ಹೊತ್ತು ಕೂತರೆ ಹುಡುಗ ತಾನಾಗಿ ಬಾಯಿ ಬಿಡುತ್ತಾನೆ: "ನನಗ ಓದಾಕ ಬರಂಗಿಲ್ರಿ ಸರ್, ಹುಡುಗ್ರು ನಗತಾರ." ವಯಸ್ಸು ಏಳನೇ ತರಗತಿಯದು, ಓದು ಎರಡನೆಯದರಲ್ಲೇ ನಿಂತಿದೆ. ಮಕ್ಕಳನ್ನು ಹೊಲಕ್ಕೆ ಅಟ್ಟುವುದರಲ್ಲಿ ಈ ನಾಚಿಕೆಯ ಪಾಲು ಕೂಲಿಯದಕ್ಕಿಂತ ಕಡಿಮೆಯಲ್ಲ ಎಂದು ನನಗೆ ಖಾತ್ರಿಯಾಗಿದೆ.

ಸರ್ಕಾರಿ ಶಾಲೆಯ ನಲಿ-ಕಲಿ ಪದ್ಧತಿಯ ಕಲಿಕಾ ಕಾರ್ಡುಗಳು ಒಳ್ಳೆಯವೇ, ಆದರೆ ಅವು ಪುಟ್ಟ ಮಕ್ಕಳಿಗೆ ಮಾಡಿದವು. ಮೀಸೆ ಚಿಗುರುತ್ತಿರುವ ಹುಡುಗನ ಮುಂದೆ ಗಿಳಿಯ ಚಿತ್ರ ಇಟ್ಟರೆ ಅವನು ಎದ್ದು ಹೋಗುತ್ತಾನೆ. ಹಾಗಾಗಿ ಬಸ್ಸಿನ ಬೋರ್ಡು, ಪಡಿತರ ಚೀಟಿ, ಅವ್ವನ ಉದ್ಯೋಗ ಖಾತ್ರಿ ಕಾರ್ಡುಗಳೇ ನಮ್ಮ ಪಠ್ಯವಾದವು. ಒಮ್ಮೆ ಬೆಳೆಗೆ ಹೊಡೆಯುವ ಕ್ರಿಮಿನಾಶಕದ ಅಂಗಡಿಯ ಕರಪತ್ರದಲ್ಲಿ "ಎಚ್ಚರಿಕೆ" ಎಂಬ ಪದ ಬಂತು. ಒಬ್ಬ ಹುಡುಗಿ "ಎಚರಿಕೆ" ಎಂದೇ ಓದುತ್ತಿದ್ದಳು. ಚ ಕೆಳಗಿನ ಒತ್ತನ್ನು ಬೆರಳಿಂದ ತೋರಿಸಿ ನಿಧಾನವಾಗಿ ಹೇಳಿಸಿದೆ. ಸರಿಯಾಗಿ ಓದಿದವಳೇ ಕೇಳಿದಳು, "ಇಂಥಾ ಡಬ್ಬಿಯಾಗ ನಮ್ಮವ್ವ ನೀರು ತುಂಬಿಡತಾಳ್ರಿ ಸರ್, ಕುಡೀಬಾರದೇನ್ರಿ?"

ಅವತ್ತಿನ ಗಣಿತ ಪಾಠ ಬದಿಗಿಟ್ಟೆವು. ಕ್ರಿಮಿನಾಶಕದ ಲೇಬಲ್ ಮೇಲಿನ ಬಣ್ಣದ ಅರ್ಥ ಬರೆಸಿದೆವು: ಕೆಂಪು ಎಂದರೆ ಕಡುವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರಿದ್ದರೂ ಅದು ವಿಷವೇ, ಖಾಲಿ ಡಬ್ಬಿಯಲ್ಲಿ ನೀರು ಇಡಲೇಬಾರದು. ಆ ವಾರ ಓದಲು ಯಾರನ್ನೂ ಒತ್ತಾಯಿಸಬೇಕಾಗಲಿಲ್ಲ. ಮನೆಯ ಡಬ್ಬಿಗಳ ಬಣ್ಣ ನೋಡಿ ಬಂದು ತಾವೇ ಬೋರ್ಡಿನ ಮೇಲೆ ಬರೆದರು.

ಸಣ್ಣ ಶಾಲೆಯ ಬಲ ಇನ್ನೊಂದಿದೆ. ಯಾರು ಬಂದಿಲ್ಲ ಎಂಬುದು ಹಾಜರಿ ಕರೆಯುವ ಮೊದಲೇ ಗೊತ್ತಾಗುತ್ತದೆ. ಸಂಜೆಯೇ ಅವರ ಮನೆಗೆ ಹೋಗುತ್ತಿದ್ದೆವು. ಹುಡುಗಿ ದೊಡ್ಡವಳಾದ ಕೂಡಲೇ ಮನೆಯಲ್ಲಿ ಮದುವೆಯ ಮಾತು ಏಳುತ್ತದೆ. ಆ ಹೊತ್ತಿನಲ್ಲಿ ಒಂದು ವಾರ ತಡವಾದರೂ ಕೆಲಸ ಕೆಟ್ಟಿತು. ಅಂಥ ಮನೆಗಳಿಗೆ ನಮ್ಮ ಶಿಕ್ಷಕಿಯೇ ಹೋಗಿ ತಾಯಂದಿರ ಜೊತೆ ಮಾತಾಡುತ್ತಿದ್ದರು.

ಮಕ್ಕಳನ್ನು ಮತ್ತೆ ಸರ್ಕಾರಿ ಶಾಲೆಗೆ ಸೇರಿಸುವಾಗ "ವಯಸ್ಸು ಮೀರಿದೆ" ಎಂಬ ಮಾತು ಕೇಳಬೇಕಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್‌ನ ಪ್ರತಿ ಕೈಯಲ್ಲಿರಲಿ. ವಯಸ್ಸಿಗೆ ತಕ್ಕ ತರಗತಿಯಲ್ಲಿ ದಾಖಲಾತಿ, ಹಿಂದುಳಿದ ಕಲಿಕೆಗೆ ವಿಶೇಷ ತರಬೇತಿ, 14 ದಾಟಿದರೂ ಎಂಟನೆಯದು ಮುಗಿಯುವವರೆಗೆ ಉಚಿತ ಶಿಕ್ಷಣ, ಮೂರೂ ಅದರಲ್ಲಿವೆ. ನಿಜವಾದ ಆತಂಕ ಒಂಬತ್ತನೇ ತರಗತಿಯದು. ಅಲ್ಲಿ ಕಾಯ್ದೆಯ ಆಸರೆ ಇಲ್ಲ, ಹೈಸ್ಕೂಲು ಪಕ್ಕದೂರಲ್ಲಿ. ಅದಕ್ಕೇ ಎಂಟನೆಯದು ಮುಗಿಯುವ ಮೊದಲೇ ಹಾಸ್ಟೆಲ್ ಅರ್ಜಿ, ಜಾತಿ-ಆದಾಯ ಪ್ರಮಾಣಪತ್ರ, ಬಸ್ ಪಾಸಿನ ಕಾಗದ ಎಲ್ಲವನ್ನೂ ಮಕ್ಕಳ ಕೈಯಲ್ಲೇ ತುಂಬಿಸುತ್ತಿದ್ದೆವು.